ಗ್ರಾಮಗಳಲ್ಲಿ ವಾಯುಮಾಲಿನ್ಯ: ಕಾರಣ, ಪರಿಣಾಮ ಹಾಗೂ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ವಾಯುಮಾಲಿನ್ಯವೆಂದೊಡನೆ ನಗರಗಳ ವಾಹನದಟ್ಟಣೆ ಹಾಗೂ ಕಾರ್ಖಾನೆಗಳ ಚಿಮಣಿಗಳು ನೆನಪಿಗೆ ಬರುವುದು ಸಹಜ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿಯೂ ನಮ್ಮ ರಾಜ್ಯದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಹಾಗೂ ಕಲಬುರಗಿ ನಗರಗಳು ಸೇರಿವೆ. ಪಟ್ಟಿಯಲ್ಲಿ ಹಳ್ಳಿಗಳ ಹೆಸರಿಲ್ಲವೆಂಬ ಕಾರಣಕ್ಕೆ ಅಲ್ಲಿನ ಗಾಳಿ ಶುದ್ಧವಾಗಿದೆಯೆಂದು ಭಾವಿಸುವಂತಿಲ್ಲ. ಒಲೆಯ ಹೊಗೆ, ಊರಂಚಿನ ಕಸದ ಬೆಂಕಿ, ಕಟಾವಾದ ಹೊಲದ ಬೆಂಕಿ, ಜಲ್ಲಿ ಕ್ರಷರ್‌ಗಳ ಧೂಳು ಇವೆಲ್ಲವೂ ನಮ್ಮ ಕಣ್ಣೆದುರಿಗೇ ಇವೆ.

1. ಹೊಗೆಯಲ್ಲಿರುವುದೇನು?

ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಮುಂತಾದ ಅನಿಲಗಳೂ ಅತಿ ಸೂಕ್ಷ್ಮ ಕಣಗಳೂ ಇರುತ್ತವೆ. ಇವುಗಳಲ್ಲಿ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದಾದ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತರಲ್ಲಿ ಒಂದು ಭಾಗದಷ್ಟು ಸಣ್ಣದಾದ ಈ ಕಣಗಳನ್ನು ಮೂಗು ಹಾಗೂ ಗಂಟಲು ತಡೆಯಲಾರವು. ಅವು ಶ್ವಾಸಕೋಶದ ಆಳಕ್ಕಿಳಿದು, ಕೆಲವು ರಕ್ತವನ್ನೂ ಸೇರುತ್ತವೆ. 2009ರ ರಾಷ್ಟ್ರೀಯ ಮಾನಕಗಳ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5 ಮೈಕ್ರೋಗ್ರಾಂ.

2. ಗ್ರಾಮಗಳಲ್ಲಿನ ಮುಖ್ಯ ಕಾರಣಗಳು

ಅ) ಅಡುಗೆ ಒಲೆ: ಸೌದೆ, ಬೆರಣಿ, ಹತ್ತಿಕಟ್ಟಿಗೆಗಳು ಪೂರ್ಣವಾಗಿ ಉರಿಯದೆ ಹೊಗೆಯಾಗುತ್ತವೆ. ಗವಾಕ್ಷಿಯಿಲ್ಲದ ಅಡುಗೆಮನೆಯಲ್ಲಿ ಆ ಹೊಗೆ ಅಲ್ಲಿಯೇ ನಿಲ್ಲುತ್ತದೆ.

ಆ) ಕಸ ಸುಡುವಿಕೆ: ಹಿಂದೆ ತಿಪ್ಪೆ ಸೇರುತ್ತಿದ್ದ ಕಸವು ಗೊಬ್ಬರವಾಗುತ್ತಿತ್ತು. ಇಂದಿನ ಕಸದಲ್ಲಿ ಪ್ಲಾಸ್ಟಿಕ್ ಬೆರೆತಿದೆ. ಪ್ಲಾಸ್ಟಿಕ್, ಅದರಲ್ಲಿಯೂ ಪಿವಿಸಿ, ಬಯಲಿನಲ್ಲಿ ಉರಿದಾಗ ಡೈಆಕ್ಸಿನ್ ಎಂಬ ವಿಷಕಾರಿ ರಾಸಾಯನಿಕಗಳು ಹೊರಬರುತ್ತವೆ.

ಇ) ಬೆಳೆಯ ಉಳಿಕೆ: ಕಬ್ಬು ಕಟಾವಾದ ನಂತರ ರವದಿಗೆ ಬೆಂಕಿಯಿಡುವ ರೂಢಿ ಹಲವೆಡೆ ಇದೆ. ಕೂಲಿಯಾಳುಗಳ ಕೊರತೆ ಹಾಗೂ ಕೂಳೆ ಬೆಳೆಯ ಕೆಲಸದ ಅವಸರ ಇದಕ್ಕೆ ಕಾರಣ.

ಈ) ಧೂಳು: ಕ್ರಷರ್, ಇಟ್ಟಿಗೆ ಭಟ್ಟಿ, ಹೊದಿಕೆಯಿಲ್ಲದೆ ಜಲ್ಲಿ-ಮರಳು ಸಾಗಿಸುವ ಟಿಪ್ಪರ್‌ಗಳು.

ಚಳಿಗಾಲದ ಮುಂಜಾನೆ ನೆಲದ ಬಳಿಯ ಗಾಳಿ ತಂಪಾಗಿದ್ದು ಮೇಲಿನ ಪದರ ಬೆಚ್ಚಗಿರುತ್ತದೆ. ಆಗ ಹೊಗೆ ಮೇಲೇರದೆ ಊರಿನ ಮೇಲೆಯೇ ಕವಿದುಕೊಳ್ಳುತ್ತದೆ. ಒಂದೇ ಪ್ರಮಾಣದ ಬೆಂಕಿ ಆ ಹೊತ್ತಿನಲ್ಲಿ ಹೆಚ್ಚು ಹಾನಿ ಮಾಡುತ್ತದೆ.

3. ಪರಿಣಾಮಗಳು

ಒಲೆಯ ಹೊಗೆಯನ್ನು ಹೆಚ್ಚು ಸೇವಿಸುವವರು ಅಡುಗೆ ಮಾಡುವ ಮಹಿಳೆಯರು ಹಾಗೂ ಅವರ ಮಡಿಲಿನ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನೆಯೊಳಗಿನ ಹೊಗೆಯು ಎಳೆಯ ಮಕ್ಕಳಲ್ಲಿ ಶ್ವಾಸಕೋಶದ ಸೋಂಕಿನ ಅಪಾಯವನ್ನು ಸುಮಾರು ಎರಡು ಪಟ್ಟು ಹೆಚ್ಚಿಸುತ್ತದೆ. ವಯಸ್ಕರಲ್ಲಿ ದೀರ್ಘಕಾಲದ ಉಬ್ಬಸ, ಹೃದಯಾಘಾತ, ಪಾರ್ಶ್ವವಾಯು ಹಾಗೂ ಶ್ವಾಸಕೋಶದ ಕ್ಯಾನ್ಸರ್‌ಗಳಿಗೂ ಇದು ಕಾರಣವಾಗುತ್ತದೆ. ಜೀವನದಲ್ಲಿ ಎಂದೂ ಬೀಡಿ ಸೇದದ ಗೃಹಿಣಿಗೂ ಧೂಮಪಾನಿಗಳಂತೆ ಕೆಮ್ಮು-ದಮ್ಮು ಬರುವುದು ಹೀಗೆ.

ಹೊಲದ ಬೆಂಕಿಯಿಂದ ರೈತನಿಗೂ ನಷ್ಟವೇ. ರವದಿಯಲ್ಲಿನ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ. ಮೇಲ್ಮಣ್ಣಿನ ಜೀವಾಣುಗಳು ಸಾಯುತ್ತವೆ. ಕ್ರಷರ್ ಧೂಳು ಎಲೆಗಳ ಮೇಲೆ ಕುಳಿತು ಇಳುವರಿಯನ್ನು ಕುಗ್ಗಿಸುತ್ತದೆ.

4. ಕಾನೂನಿನ ಆಧಾರ

ವಾಯು (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಅಧಿನಿಯಮವು 1981ರಲ್ಲಿ ಜಾರಿಗೆ ಬಂದಿತು. ಶುದ್ಧ ಗಾಳಿ ಹಾಗೂ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಹೇಳಿತು. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ ಹಾಗೂ ಭಾರಿ ಪ್ರಮಾಣದ ಸುಡುವಿಕೆಗೆ 25,000 ರೂಪಾಯಿ ಪರಿಹಾರ ಮೊತ್ತವನ್ನು ನಿಗದಿಪಡಿಸಿತು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಗುರುತಿಸಿದ 29 ವಿಷಯಗಳಲ್ಲಿ ಸಾಮಾಜಿಕ ಅರಣ್ಯ, ಇಂಧನ ಮತ್ತು ಮೇವು, ಅಸಾಂಪ್ರದಾಯಿಕ ಇಂಧನ, ಆರೋಗ್ಯ ಮತ್ತು ನೈರ್ಮಲ್ಯ ಸೇರಿವೆ. ಆದುದರಿಂದ ಈ ಕಾರ್ಯವು ಪಂಚಾಯಿತಿಯ ವ್ಯಾಪ್ತಿಗೆ ಹೊರತಾದುದಲ್ಲ.

5. ನಿಯಂತ್ರಣ ಕ್ರಮಗಳು

ದಂಡ ವಿಧಿಸುವ ಮೊದಲು ಬದಲಿ ಮಾರ್ಗವನ್ನು ಒದಗಿಸುವುದು ಅಗತ್ಯ. ಕಸ ಒಯ್ಯುವ ವಾಹನ ವಾರಗಟ್ಟಲೆ ಬಾರದಿದ್ದರೆ ಜನರು ಕಸಕ್ಕೆ ಬೆಂಕಿಯಿಡುತ್ತಾರೆ. ಆ ತಪ್ಪಿನಲ್ಲಿ ನಮ್ಮ ಪಾಲೂ ಇರುತ್ತದೆ.

* ಸ್ವಚ್ಛ ವಾಹಿನಿಯು ಪ್ರತಿ ವಾರ್ಡಿಗೆ ಬರುವ ದಿನ ಹಾಗೂ ವೇಳೆಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಹಸಿ ಕಸ ಮತ್ತು ಒಣ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವಂತೆ ಸ್ವಸಹಾಯ ಸಂಘಗಳ ಮೂಲಕ ತಿಳಿವಳಿಕೆ ನೀಡುವುದು.

* ಪಂಚಾಯಿತಿಯ ಸಿಬ್ಬಂದಿಯೇ ಗುಡಿಸಿದ ಕಸಕ್ಕೆ ಬೆಂಕಿಯಿಡದಂತೆ ಲಿಖಿತ ಸೂಚನೆ ನೀಡುವುದು.

* ರವದಿಯನ್ನು ಸಾಲುಗಳ ನಡುವೆ ಹರಡಿ ಹೊದಿಕೆಯಾಗಿ ಬಳಸಲು ಕೃಷಿ ಇಲಾಖೆಯ ನೆರವಿನಿಂದ ಒಬ್ಬ ರೈತರ ಹೊಲದಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸುವುದು. ತೇವಾಂಶ ಉಳಿಯುವುದನ್ನು ಕಣ್ಣಾರೆ ಕಂಡರೆ ನೆರೆಯವರು ಅನುಸರಿಸುತ್ತಾರೆ.

* 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಡಿ ಸಂಪರ್ಕ ಪಡೆದೂ ಸಿಲಿಂಡರ್ ತುಂಬಿಸಲಾಗದೆ ಸೌದೆಗೆ ಮರಳಿದ ಕುಟುಂಬಗಳನ್ನು ಗುರುತಿಸುವುದು. ದನಗಳಿರುವ ಮನೆಗಳಿಗೆ ಗೋಬರ್ ಗ್ಯಾಸ್, ಉಳಿದವರಿಗೆ ಹೊಗೆಕೊಳವೆಯುಳ್ಳ ಸುಧಾರಿತ ಒಲೆ ಸೂಕ್ತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ನಮ್ಮ ರಾಜ್ಯದ್ದೇ ಕೊಡುಗೆ.

* ಕ್ರಷರ್‌ಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇದೆಯೇ, ನೀರು ಸಿಂಪಡಿಸಲಾಗುತ್ತಿದೆಯೇ ಎಂದು ಪರಿಶೀಲಿಸಿ, ಲೋಪವಿದ್ದಲ್ಲಿ ಠರಾವಿನೊಂದಿಗೆ ಮಂಡಳಿಗೂ ಜಿಲ್ಲಾಧಿಕಾರಿಗಳಿಗೂ ಬರೆಯುವುದು.

* ಶಾಲೆ, ಅಂಗನವಾಡಿಗಳ ಸುತ್ತ ಹಾಗೂ ರಸ್ತೆಬದಿಯಲ್ಲಿ ಬೇವು, ಹೊಂಗೆ ಗಿಡಗಳನ್ನು ನೆಟ್ಟು ಸಂರಕ್ಷಿಸುವುದು.

6. ಮುಂದಿನ ಸಭೆಯ ಚರ್ಚೆಗೆ

1) ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಸ ಸುಡುವ ಸ್ಥಳಗಳು ಎಷ್ಟು? ಅವು ಅಂಗನವಾಡಿಯಿಂದ ಎಷ್ಟು ದೂರದಲ್ಲಿವೆ?

2) ಇನ್ನೂ ಸೌದೆ ಒಲೆಯನ್ನೇ ಅವಲಂಬಿಸಿರುವ ಮನೆಗಳೆಷ್ಟು?

3) ಉಬ್ಬಸ ಹಾಗೂ ನಿರಂತರ ಕೆಮ್ಮಿನಿಂದ ಬಳಲುವವರು ಯಾವ ಓಣಿಗಳಲ್ಲಿ ಹೆಚ್ಚಾಗಿದ್ದಾರೆ ಎಂಬ ಬಗ್ಗೆ ಆಶಾ ಕಾರ್ಯಕರ್ತೆಯರ ಅಭಿಪ್ರಾಯವೇನು?

ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಲು ಯಾವ ಯಂತ್ರವೂ ಬೇಕಿಲ್ಲ. ಪ್ರತಿ ಸದಸ್ಯರು ತಮ್ಮ ವಾರ್ಡಿನಲ್ಲಿ ಒಂದು ಮುಂಜಾನೆ ಹಾಗೂ ಒಂದು ಸಂಜೆ ಸಂಚರಿಸಿದರೆ ಸಾಕು. ದೊರೆತ ಮಾಹಿತಿಯನ್ನು ಗ್ರಾಮಸಭೆಯ ಮುಂದಿರಿಸಿ, ಕೈಗೊಳ್ಳಬೇಕಾದ ಕ್ರಮಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಕೋರಲಾಗಿದೆ.