ಹಾಲು, ಮಜ್ಜಿಗೆ ಮತ್ತು ನಮ್ಮ ಒಡಲು

ರೋಣ, ನರಗುಂದ, ಗಜೇಂದ್ರಗಡಗಳ ಎರೆಸೀಮೆಯಲ್ಲಿ ಜೋಳದ ರೊಟ್ಟಿಯುಂಡವರು ಕಡೆಗೆ ಮಜ್ಜಿಗೆಯನ್ನು ಬೇಡುವರಷ್ಟೆ. ಇದರ ಹಿಂದೊಂದು ಪುರಾತನ ಕಥೆಯುಂಟು. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸೆಂಬ ಜೀರ್ಣರಸವು ಹೆಚ್ಚಿನ ಮನುಷ್ಯರಲ್ಲಿ ಬಾಲ್ಯ ಕಳೆದ ಮೇಲೆ ಕುಂದುತ್ತದೆ. ದನ ಸಾಕಿದ ಕೆಲವು ಜನಾಂಗಗಳಲ್ಲಿ ಮಾತ್ರ ವಂಶವಾಹಿಯಲ್ಲಿ ಅಲ್ಪ ಮಾರ್ಪಾಟೊಂದು ಉಂಟಾಗಿ, ಅದು ಜೀವಮಾನವಿಡೀ ಉಳಿಯಿತು. ಅಂಥವರ ಸಂತತಿಯೂ ಹೆಚ್ಚಿತು. ಯುರೋಪಿನ ಆ ಮಾರ್ಪಾಟೇ ಭಾರತದಲ್ಲಿಯೂ ಇದೆಯೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ವಾಯವ್ಯದಲ್ಲಿ ಹೆಚ್ಚು, ದಕ್ಷಿಣದಲ್ಲಿ ವಿರಳ.

ಹಾಗಾದರೆ ನಮ್ಮಲ್ಲಿ ದನಗಳಿಗೆ ಕೊರತೆಯಿತ್ತೇ? ಬಳ್ಳಾರಿ ಬಳಿಯ ಕುಡತಿನಿಯ ಬೂದಿಗುಡ್ಡವು ಸುಮಾರು 4,000 ವರ್ಷಗಳ ಹಿಂದೆ ಸುಟ್ಟ ಸಗಣಿಯ ರಾಶಿ! ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ಹುಳಿಯಾಗಿಸಿ, ಉಳಿದುದರ ಪಚನಕ್ಕೂ ನೆರವಾಗುತ್ತವೆ. ಒಡಲು ಮಾಡಬೇಕಾದುದನ್ನು ಇಲ್ಲಿ ಮೊಸರ ಗಡಿಗೆಯೇ ಮಾಡಿತೆಂಬುದು ನಮ್ಮ ಊಹೆ. ಹಾಲೊಲ್ಲೆನೆಂದ ಬಾಲಿಕೆಯರನ್ನು ಹಟಮಾರಿಗಳೆಂದು ನಾವು ಗದರಿಸಿದುದುಂಟು, ತಪ್ಪು ನಮ್ಮದೇ.