ಚರ್ಚಾಪಾಠ: ತಳಿಯ ದೋಷವೋ, ಸಾಕುವವರ ಹೊಣೆಯೋ?

ಉದ್ದೇಶ: ವಿದ್ಯಾರ್ಥಿಗಳು ವಾದ, ಪ್ರತಿವಾದಗಳನ್ನು ಆಧಾರಸಹಿತವಾಗಿ ಮಂಡಿಸುವರು.

ವಿಷಯ: ಪಿಟ್‌ಬುಲ್, ರಾಟ್‌ವೈಲರ್ ಮೊದಲಾದ 23 ತಳಿಗಳ ನಾಯಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರವು 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಆಲಿಸಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು.

ಪರ: ಬಲಿಷ್ಠ ದವಡೆಯ ನಾಯಿ ಒಮ್ಮೆ ಕಚ್ಚಿದರೂ ಪ್ರಾಣಾಪಾಯ ಒದಗಬಹುದು.

ವಿರೋಧ: ಕ್ರೌರ್ಯಕ್ಕೆ ತಳಿಯೊಂದೇ ಕಾರಣವಲ್ಲ, ಸದಾ ಕಟ್ಟಿಹಾಕುವುದು, ಹಿಂಸಿಸುವುದು, ಪಳಗಿಸದಿರುವುದೂ ಕಾರಣಗಳೇ.

ಶಿಕ್ಷಕರಿಗೆ ಸೂಚನೆ: ರಾಯದುರ್ಗ, ಮಡಕಶಿರಾದ ಮಕ್ಕಳು ನಿತ್ಯವೂ ಕಾಣುವ ನಾಡತಳಿಯ ಬೀದಿನಾಯಿಗಳು ಆ ಪಟ್ಟಿಯಲ್ಲಿಲ್ಲ. ಆದರೆ ರೇಬೀಸ್ ತಳಿಯನ್ನು ನೋಡಿ ಬರುವುದಿಲ್ಲ. ಆದ್ದರಿಂದ, ನಾಯಿ ಕಚ್ಚಿದ ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಲಸಿಕೆ ಹಾಕಿಸಬೇಕೆಂಬುದನ್ನು ಚರ್ಚೆಗೆ ಮುನ್ನವೇ ತಿಳಿಸತಕ್ಕದ್ದು.