ಮಿಸ್ಡ್ ಕಾಲ್ ಕೊಡಿ, ಊರಿನ ಜಾಗದ ಬಗ್ಗೆ ಹೇಳಿ

ಬಸ್ ನಿಲ್ದಾಣ, ಶಾಲೆಯ ಮೈದಾನ, ಅಗಸಿ ಮುಂದಿನ ಕಟ್ಟೆ ಹೇಗಿರಬೇಕೆಂದು ಜನರನ್ನು ಕೇಳಹೊರಟವರು ಮೊದಲು ಮಾಡಿಸುವುದೇ ಆ್ಯಪ್. ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂಥ ಊರಿಗೆ ಅದಕ್ಕಿಂತ ಮಿಸ್ಡ್ ಕಾಲ್ ಮೇಲು: ಮಿಸ್ಡ್ ಕಾಲ್ ಕೊಟ್ಟವರಿಗೆ ಯಂತ್ರವೇ ಮರಳಿ ಕರೆ ಮಾಡಿ, ರೆಕಾರ್ಡ್ ಮಾಡಿದ ಪ್ರಶ್ನೆ ಕೇಳಿಸಿ, ಉತ್ತರ ಪಡೆಯುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಗಡಿ ಸೀಮೆಯಿದು; ಪ್ರಶ್ನೆಯನ್ನು ಯಾವ ಲಿಪಿಯಲ್ಲಿ ಬರೆದರೂ ಕೆಲವರು ಹೊರಗುಳಿಯುತ್ತಾರೆ. ಮಾತಿಗೆ ಆ ತೊಡಕಿಲ್ಲ. 2010ರಲ್ಲಿ ಛತ್ತೀಸಗಢದಲ್ಲಿ ಶುರುವಾದ ‘ಸಿಜಿನೆಟ್ ಸ್ವರ’ ಎಂಬ ಫೋನ್ ಸೇವೆ ಇದನ್ನು ತೋರಿಸಿಕೊಟ್ಟಿದೆ: ಅಲ್ಲಿ ಸಾದಾ ಫೋನಿನಿಂದಲೇ ಗೊಂಡಿ ಭಾಷೆಯಲ್ಲೂ ದೂರು ಹೇಳಬಹುದು, ಬೇರೆಯವರು ಹೇಳಿದ್ದನ್ನು ಕೇಳಬಹುದು.

ಮೊದಲು ಒಂದೇ ಜಾಗ, ಒಂದೇ ಪ್ರಶ್ನೆ ಆರಿಸಿಕೊಳ್ಳಿ. ‘ನಿಲ್ದಾಣ ಹೇಗಿರಬೇಕು?’ ಎಂದರೆ ಉತ್ತರ ಎತ್ತೆತ್ತಲೋ ಹೋಗುತ್ತದೆ. ‘ಮೊದಲು ನೆರಳೋ, ದೀಪವೋ?’ ಎಂದರೆ ಒತ್ತಲು ಒಂದು, ಎರಡು ಸಾಕು. ಬೀಪ್ ಆದ ಮೇಲೆ ಕಾರಣ ಹೇಳಲು ಅರ್ಧ ನಿಮಿಷ ಬಿಡಿ, ಕೆಲಸಕ್ಕೆ ಬರುವ ಮಾಹಿತಿ ಸಿಗುವುದು ಅಲ್ಲೇ. ಪ್ರಶ್ನೆಯನ್ನು ಮೂರೂ ಭಾಷೆಯಲ್ಲಿ ಊರವರ ದನಿಯಲ್ಲೇ ರೆಕಾರ್ಡ್ ಮಾಡಿಸಿ. ನಂಬರನ್ನು ಆ ಜಾಗದ ಗೋಡೆಯ ಮೇಲೆಯೇ ದೊಡ್ಡದಾಗಿ ಬರೆಸಿ. ಮರಳಿ ಕರೆ ಹೋಗುವುದು ಸಂಜೆ ಇರಲಿ. ತೊಗರಿ ರಾಶಿಯ ದಿನಗಳಲ್ಲಿ ಮಧ್ಯಾಹ್ನ ಫೋನ್ ಎತ್ತುವವರು ಕಡಿಮೆ.

ಗ್ರಾಮಸಭೆ ಇರುವಾಗ ಇದೆಲ್ಲ ಯಾಕೆ ಎನ್ನಬಹುದು. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ನಡೆಯುವ ಆ ಸಭೆಗೆ ಬದಲಿ ಯಾವುದೂ ಇಲ್ಲ, ತೀರ್ಮಾನ ಅಲ್ಲೇ ಆಗಬೇಕು. ಆದರೆ ಹಿರಿಯರೆದುರು ಬಾಯಿ ಬಿಡದ ಸೊಸೆಯಂದಿರು, ಕೂಲಿ ಬಿಟ್ಟು ಬರಲಾಗದವರು ಸಭೆಯ ಪುಸ್ತಕದಲ್ಲಿ ಕಾಣುವುದಿಲ್ಲ. ಅವರ ಮಾತನ್ನು ಸಭೆಗೆ ತಲುಪಿಸುವುದಷ್ಟೇ ಈ ಫೋನಿನ ಕೆಲಸ. ಒಬ್ಬನೇ ಹತ್ತು ಸಲ ಒತ್ತಿದರೆ ಎಂಬ ಆಕ್ಷೇಪ ಚಿಕ್ಕದು, ಒಂದು ನಂಬರಿಗೆ ಒಂದೇ ಮತ ಎಂದು ಸಾಫ್ಟ್‌ವೇರಿನಲ್ಲೇ ಕಟ್ಟುಹಾಕಬಹುದು. ದೊಡ್ಡ ಆಕ್ಷೇಪ ಬೇರೆ: ಎಷ್ಟೋ ಮನೆಯಲ್ಲಿ ಫೋನ್ ಇರುವುದು ಗಂಡಸರ ಜೇಬಿನಲ್ಲಿ. ಮೇಲಿನ ಕಟ್ಟು ಇಲ್ಲಿ ಹೆಂಗಸರಿಗೇ ಮುಳುವಾಗುತ್ತದೆ. ಆದ್ದರಿಂದ ಸ್ವಸಹಾಯ ಸಂಘದ ಸಭೆಗೆ ಬೇರೆಯೇ ಫೋನ್ ಒಯ್ದು, ಹಾಜರಿ ಪುಸ್ತಕ ನೋಡಿ ಒಬ್ಬೊಬ್ಬರಿಂದಲೂ ಹೇಳಿಸಿ. ಆ ಎಣಿಕೆಯನ್ನು ಪ್ರತ್ಯೇಕ ಇಡಿ. ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸಿದರೆ ಹೆಂಗಸರ ಉತ್ತರ ಮತ್ತೆ ಮುಚ್ಚಿಹೋಗುತ್ತದೆ.

ಕೊನೆಯ ಹಂತವನ್ನೇ ಹೆಚ್ಚಿನವರು ಬಿಡುವುದು. ಗ್ರಾಮಸಭೆಯಲ್ಲಿ ಆಯ್ದ ದನಿಗಳನ್ನು, ಹೆಸರು ಹೇಳದೆ, ಸ್ಪೀಕರಿನಲ್ಲಿ ಕೇಳಿಸಿ ಠರಾವು ಬರೆಸಿ. ಆಮೇಲೆ ಕರೆ ಮಾಡಿದ ಎಲ್ಲರಿಗೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ದನಿಯಲ್ಲೇ ಫಲಿತಾಂಶ ಹೋಗಲಿ: ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ.